ಕದ್ದು ಕೇಳುವ ಬೀಜ

ನಲವತ್ತು ವರ್ಷ ಈ ಸರೋವರದ ದಂಡೆಯಲ್ಲಿ
ಹೆರಿಗೆ ಮಾಡಿಸಿದವಳು ನಾನು;
ಅಳುವಿನಲ್ಲಿ ಎಷ್ಟು ಬಗೆಯೆಂದು ನನ್ನನ್ನು ಕೇಳಿ.
ಹಸಿವಿನದು ಬೇರೆ, ಹೊಟ್ಟೆನೋವಿನದು ಬೇರೆ,
ಬರೀ ಹಟದ್ದು ಬೇರೆ.
ಮೆಕ್ಕೆಜೋಳದ ಬೇರೂ ಅಳುತ್ತದೆಂದು ಮಾತ್ರ
ಅರವತ್ತೆಂಟು ತುಂಬಿದ ಮೇಲೆ ತಿಳಿಯಿತು.

ತಿಳಿಸಿದವನು ಓಗ್ವೇನೊ,
ಇದೇ ಕೈಗೆ ಕಾಲು ಮುಂದಾಗಿ ಬಂದವನು.
ಈಗ ಗಿಡಗಳ ವಿಜ್ಞಾನ ಓದಿ, ಸೈಕಲ್ಲಿಗೆ ಸಲಿಕೆ ಕಟ್ಟಿಕೊಂಡು
ಎಂಬಿಟಾ ಕಡೆಯಿಂದ ಬರುತ್ತಾನೆ.

ಪೆನಿನಾಳ ಹೊಲಕ್ಕೆ ಕಯೊಂಗೊ ಬಂದಿತ್ತು.
ನೋಡಲು ಚೆಂದದ ಕಳೆ; ನೇರಳೆಗೆಂಪು ಹೂ ಮುಡಿದು
ಮದುವೆಗೆ ಬಂದ ಬೀಗರ ಹಾಗೆ ನಿಂತಿತ್ತು.
ಜೋಳ ಮೊಣಕಾಲುದ್ದಕ್ಕೇ ನಿಂತು
ಮಳೆ ಬಿದ್ದ ಮರುದಿನವೂ ಬಾಡಿತ್ತು.
"ಯಾರದೋ ಕಣ್ಣು" ಎಂದಳು ಪೆನಿನಾ.
ಮೈದುನ ಓರಿಯಾರೊ ಮಾಟ ತೆಗೆಯುವವನಿಗೆ ಹುಂಜ ಕೊಟ್ಟ.
ಹುಂಜ ಹೋಯಿತು. ಕಯೊಂಗೊ ಹೋಗಲಿಲ್ಲ.

ಓಗ್ವೇನೊ ಕೀಳಲಿಲ್ಲ, ಅಗೆದ.
ಹೆಂಟೆಯನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಅದ್ದಿ
ಎಳೆಯೂ ಹರಿಯದಂತೆ ಮಣ್ಣು ಬಿಡಿಸಿದ.
ಕನ್ನಡಕ ಹಾಕಿಕೊಂಡು ನೋಡಿದೆ:
ಜೋಳದ ಬೇರಿಗೆ ಕಳೆಯ ಬೇರು
ಹೊಕ್ಕುಳಬಳ್ಳಿಯ ಹಾಗೆ ಬೆಸೆದಿತ್ತು.
ನನಗೆ ಗುರುತಿರುವ ಗಂಟು ಅದು.
ತಾಯಿ ಮಾತ್ರ ಬೇರೆಯವಳು.

"ಅಜ್ಜಿ, ರಂಜಕ ಸಾಲದ ಮಣ್ಣಲ್ಲಿ
ಹಸಿದ ಬೇರು ಒಂದು ರಸ ಸೂಸುತ್ತದೆ,
ಹನಿಯ ಕೋಟಿಯಲ್ಲೊಂದು ಪಾಲು. ಅದೇ ಅದರ ಕೂಗು.
ಕರೆಯುವುದು ಶಿಲೀಂಧ್ರವನ್ನು;
ಆ ನೂಲಿನಂಥ ಗೆಳೆಯ ದೂರದಿಂದ ರಂಜಕ ಹೊತ್ತು ತಂದು
ಕೂಲಿಗೆ ಸಕ್ಕರೆ ಪಡೆಯುತ್ತಾನೆ.
ಕದ್ದು ಕೇಳುವುದು ಕಯೊಂಗೊದ ಬೀಜ,
ಧೂಳಿಗಿಂತ ಸಣ್ಣದು,
ಹತ್ತಾರು ವರ್ಷ ಕಿವಿ ಮಾತ್ರ ತೆರೆದು ಮಲಗಿರುವುದು."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಹಸಿದವರ ಕೂಗು ಗೆಳೆಯನಿಗೆ ಮುಟ್ಟುವ ಮೊದಲು
ಮತ್ತೊಬ್ಬನಿಗೆ ಮುಟ್ಟುವುದು
ಮಣ್ಣೊಳಗೆ ಮಾತ್ರವೇ?

ಸಾಲುಗಳ ನಡುವೆ ಡೆಸ್ಮೋಡಿಯಂ ಬಳ್ಳಿ ಹಾಕಿದೆವು,
ಹೊಲದ ಸುತ್ತ ನೇಪಿಯರ್ ಹುಲ್ಲು.
ಬೇಲಿಯೇ ಹೊಲ ಮೇಯ್ದದ್ದನ್ನು ಕೇಳಿದ್ದೇನೆ;
ಬೇಲಿ ಹುಳ ಮೇಯ್ದದ್ದನ್ನು ಇಲ್ಲೇ ಕಂಡೆ.
ಕಾಂಡಕೊರಕದ ಪತಂಗ ಬಳ್ಳಿಯ ವಾಸನೆಗೆ ಮೂಗು ಮುರಿದು
ಹುಲ್ಲಿನ ಘಮಕ್ಕೆ ಮರುಳಾಗಿ ಅಲ್ಲೇ ಮೊಟ್ಟೆಯಿಟ್ಟಿತು.
ಕೊರೆಯಹೋದ ಮರಿಗೆ ಸಿಕ್ಕಿದ್ದು ಅಂಟು.

ಬಳ್ಳಿಯ ಬೇರಲ್ಲಿ ಸಾಸಿವೆಯಂಥ ಗಂಟು.
ಉಗುರಿಂದ ಸೀಳಿದೆ: ಒಳಗೆ ತೆಳುಗೆಂಪು, ರಕ್ತದ ತಂಗಿ.
ಗಾಳಿ ಅಲ್ಲಿ ಗೊಬ್ಬರವಾಗುತ್ತದಂತೆ.
ಅಷ್ಟು ಕೆಂಪು ಕಂಡಮೇಲೆ
ನಂಬುವುದು ನನಗೆ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಇನ್ನೊಂದು.
ಈ ಬಳ್ಳಿಯ ಬೇರು ಹುಸಿಕೂಗು ಕೂಗುತ್ತದೆ.
ಕೇಳಿದ ಬೀಜ ಎದ್ದು, ಬಾಯಿ ತೆರೆದು,
ಕತ್ತಲೆಯಲ್ಲಿ ಮೊಲೆ ತಡಕಿ, ಸಿಗದೆ,
ನಾಲ್ಕಾರು ದಿನದಲ್ಲಿ ಒಣಗುತ್ತದೆ.
ಸಾಯಲೆಂದೇ ಹುಟ್ಟಿಸುವ ಬಳ್ಳಿ!
ಸೂಲಗಿತ್ತಿಯ ಕೈ ಒಂದು ಗಳಿಗೆ ತಡೆಯಿತು.
ಪೆನಿನಾಳ ಮೂರು ಮಕ್ಕಳನ್ನು ನೆನೆದೆ.
ನೆಟ್ಟೆ.

ಮೊದಲ ಮಳೆಗೆ ಏನೂ ಆಗಲಿಲ್ಲ.
ಓರಿಯಾರೊ ನಕ್ಕ, "ನನ್ನ ಹುಂಜವೇ ವಾಸಿ" ಎಂದ.
ಎರಡನೆಯದಕ್ಕೆ ಹೂಗಳು ವಿರಳವಾದವು,
ಹಸು ಹುಲ್ಲು ತಿಂದು ಒಂದು ಲೋಟ ಹೆಚ್ಚು ಕರೆಯಿತು.
ನಾಲ್ಕನೆಯದಕ್ಕೆ ಜೋಳದ ನಡುವೆ ಹೋದ ಪೆನಿನಾ
ಕಾಣಿಸಲಿಲ್ಲ; ದನಿ ಮಾತ್ರ ಕೇಳಿಸಿತು.

ಕಾಲುದಾರಿಯ ಮೂಲೆಯಲ್ಲಿ ಈಗಲೂ ಒಂದೆರಡು ಕಯೊಂಗೊ.
ಹೂ ಬೀಜವಾಗುವ ಮೊದಲು ಕಿತ್ತುಬಿಡುತ್ತಾಳೆ.
ಹೊಟ್ಟೆ ತುಂಬಿದ ಬೇರು ಅಷ್ಟು ಜೋರಾಗಿ ಅಳುವುದಿಲ್ಲ
ಎನ್ನುತ್ತಾನೆ ಓಗ್ವೇನೊ.
ಅದನ್ನು ನನಗೇ ಹೇಳುತ್ತಾನೆ!

ಸಂಜೆ ಮನೆಗೆ ಹೊರಟರೆ
ಲಂಗದ ಅಂಚಿನ ತುಂಬ ಬಳ್ಳಿಯ ಅಂಟುಕಾಯಿ.
ಓರಿಯಾರೊನ ಹೊಲದ ಬದುವಿನ ಮೇಲೆ
ಸ್ವಲ್ಪ ಹೊತ್ತು ಕೂರುತ್ತೇನೆ, ಮಂಡಿನೋವಿನ ನೆಪ.
ಒಂದೊಂದಾಗಿ ಬಿಡಿಸಿ
ಅವನ ಮಣ್ಣಿಗೆ ಹಾಕಿ
ಏನೂ ತಿಳಿಯದವಳಂತೆ ಏಳುತ್ತೇನೆ.