ಪರವಾಗಿಲ್ಲ

ಲಾಂಡ್ರಿಯ ಮೇಲಿನ ಎರಡು ಕೋಣೆ ನನ್ನ ಆಫೀಸು.
ಕೆಳಗೆ ಡ್ರೈಯರು ತಿರುಗಿದರೆ
ಮೇಲೆ ಕಡತಗಳು ಸಣ್ಣಗೆ ನಡುಗುತ್ತವೆ.
ಮೇಯ್ನ್ ಸೀಮೆಯ ಚಳಿಗಾಲದಲ್ಲಿ
ಅದೊಂದೇ ಬಿಟ್ಟಿ ಶಾಖ.

ಮೆಟ್ಟಿಲು ಹದಿನೇಳು. ಲಿಫ್ಟಿಲ್ಲ.
ಇಂಥ ವಕೀಲಿಗೆ ನಾಚಿಕೆಯ ಮಾತೇ ಸರಿ.
ಹತ್ತಲಾರದವರಿಗಾಗಿ ನಾನೇ ಇಳಿದು
ವಾಷಿಂಗ್ ಮಷೀನುಗಳ ನಡುವೆ ಕುರ್ಚಿ ಎಳೆದು
ಮೂವತ್ತೊಂದು ವರ್ಷ ಕೇಳಿದ್ದೇನೆ:
ಎಷ್ಟು ಹೊತ್ತು ಕೂರಬಲ್ಲಿರಿ?
ಎಷ್ಟು ತೂಕ ಎತ್ತಬಲ್ಲಿರಿ, ಹಾಲಿನ ಕ್ಯಾನು? ಮೊಮ್ಮಗು?
ಷರಟಿನ ಗುಂಡಿ ಹಾಕುವವರು ಯಾರು?

ಗುಂಡಿಯ ಪ್ರಶ್ನೆಗೆ ಗಂಡಸರು
ಗಾಜಿನಾಚೆ ಸುತ್ತುವ ಬಟ್ಟೆಗಳತ್ತ ನೋಡುತ್ತಾರೆ.

ಕಾನೂನು ಹೇಳಿದ್ದು ಕಡಿಮೆ;
ಒಂದು ಮಾತು ಮರೆಸಲು ಹೆಣಗಿದ್ದೇ ಹೆಚ್ಚು.
ಜಡ್ಜು ಹೇಗಿದ್ದೀರಿ ಎಂದರೆ
ಪರವಾಗಿಲ್ಲ ಅನ್ನಬೇಡಿ.
ನಿಮ್ಮ ಪರವಾಗಿ ನಾನು ನಿಂತಿರುವಾಗ
ನೀವೇ ಪರವಾಗಿಲ್ಲ ಅಂದರೆ ಹೇಗೆ?

ಆದರೂ ಅನ್ನುತ್ತಾರೆ.
ಡೆಲಿಮಾ ಬೊಲ್ಡಕ್, ಮೀನಿನ ಕಾರ್ಖಾನೆಯಲ್ಲಿ
ನಲವತ್ತು ವರ್ಷ ಕತ್ತರಿ ಹಿಡಿದು
ಈಗ ಚಮಚಕ್ಕೂ ಬೆರಳು ಮಡಿಯದವಳು,
ಟೀವಿ ಪರದೆಯೊಳಗೆ ಕೂತ ಜಡ್ಜಿಗೆ
'ಪರವಾಗಿಲ್ಲ ಸ್ವಾಮಿ, ನೀವು ಹೇಗಿದ್ದೀರಿ?' ಎಂದಳು.
ಅವನು ಬರೆದುಕೊಂಡ.
ಅದೊಂದು ಮಾತು ಅಳಿಸಲು ಹದಿನಾಲ್ಕು ತಿಂಗಳ ಮೇಲ್ಮನವಿ.

ಬಾರಿನಲ್ಲಿ ಯಾರಾದರೂ 'ಕೈಲಾಗದವನು' ಅಂದರೆ
ಹಲ್ಲು ಉದುರಿಸಿ ಕಳಿಸುವ ಜನ.
ಅದನ್ನೇ ಮೂರು ಪ್ರತಿ ಟೈಪು ಮಾಡಿ
ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ, ಎಂದು
ಬೆರಳಿಟ್ಟು ಸಹಿ ಹಾಕಿಸಿಕೊಳ್ಳುತ್ತೇನೆ.
ಗೆದ್ದರೆ ಬಾಕಿ ಹಣದಲ್ಲಿ ಕಾಲು ಪಾಲು ನನ್ನದು.

ಲ್ಯೂಡ್ಜರ್ ಸಿಯರ್‌ನ ವಿಚಾರಣೆಯ ದಿನ.
ಕುರ್ಚಿ ಮೇಜಿನ ಸಂದಿಗೆ ಬಡಿಯುವ ಮರದ ಗೂಟಗಳ ಮಿಲ್ಲಿನಲ್ಲಿ
ಇಪ್ಪತ್ತಾರು ವರ್ಷ ದುಡಿದವನು,
ಬೆನ್ನುಮೂಳೆಯಲ್ಲಿ ನಾಲ್ಕು ತಿರುಪು.
ಸರ್ಕಾರ ಕರೆಸಿದ ಉದ್ಯೋಗ ತಜ್ಞ
ಫೋನಿನ ಆ ತುದಿಯಲ್ಲಿ ಹಳೇ ಪುಸ್ತಕ ಮಗುಚಿ ಓದಿದ:
ಇವರು ಕೂತೇ ಮಾಡಬಹುದಾದ ಕೆಲಸ ದೇಶದಲ್ಲಿದೆ,
ಗೂಟ ಪರೀಕ್ಷಕ.
ಹುದ್ದೆಗಳು ಇಷ್ಟು ಸಾವಿರ.

ಲ್ಯೂಡ್ಜರ್ ನಕ್ಕ.
ಬೆನ್ನು ಹಿಡಿದುಕೊಂಡು, ಕೆಮ್ಮಿಕೊಂಡು ನಕ್ಕ.
'ಆ ಕುರ್ಚಿಯಲ್ಲಿ ನಮ್ಮಕ್ಕ ಕೂರುತ್ತಿದ್ದಳು.
ಮಿಲ್ಲು ಮುಚ್ಚಿದ ದಿನ ಕುರ್ಚಿ ಮನೆಗೇ ಹೊತ್ತು ತಂದಳು.
ಈಗ ಅದು ಬೆಕ್ಕಿನದು.
ಬೆಕ್ಕನ್ನು ಕೇಳಿ ನೋಡುತ್ತೇನೆ ಸ್ವಾಮಿ.'

ದಾಖಲೆಯಲ್ಲಿ ಉಳಿದದ್ದು: ಅರ್ಜಿದಾರರು ನಕ್ಕರು.

ಮಾರ್ಚಿನಲ್ಲಿ ತೀರ್ಪು ಬಂತು, ಪೂರ್ತಿ ಅನುಕೂಲ.
ಫೆಬ್ರವರಿಯಲ್ಲೇ ಲ್ಯೂಡ್ಜರ್ ಹೋಗಿದ್ದ.
ನೆಲ ಕಲ್ಲಾಗಿತ್ತು; ಮಣ್ಣಿಗಿಳಿಯಲು
ಮೇ ತಿಂಗಳವರೆಗೆ ಸ್ಮಶಾನದ ಕೊಠಡಿಯಲ್ಲಿ
ಇನ್ನೂ ಆರು ಜನರ ಜೊತೆ ಕಾದ.
ಅಲ್ಲೂ ಸರದಿ.

ನನ್ನ ಚೆಕ್ಕು ಮಾತ್ರ ಹೊತ್ತಿಗೆ ಸರಿಯಾಗಿ ಬಂತು.
ಆ ವರ್ಷದ ಹೀಟರಿನ ಎಣ್ಣೆಯ ಬಾಕಿ ಅದರಲ್ಲೇ ತೀರಿಸಿದೆ.
ಇದನ್ನು ಯಾರಿಗೂ ಹೇಳಿರಲಿಲ್ಲ.

ಸತ್ತವನ ಹಣಕ್ಕೆ ಬೇರೆ ಫಾರಂ.
ಅಲ್ಫೊನ್ಸೀನ್ ಬಂದಳು, ಅಕ್ಕ.
ಹದಿನೇಳು ಮೆಟ್ಟಿಲನ್ನೂ ಒಂದೊಂದಾಗಿ ಬೈಯುತ್ತ ಹತ್ತಿ,
ಕೋಟು ಬಿಚ್ಚದೆ ಕೂತಳು; ತೋಳಿನ ತುಂಬ ಬೆಕ್ಕಿನ ಕೂದಲು.
ಸಹಿಗೆಂದು ನಾನು ಪೆನ್ನು ಹುಡುಕುವಷ್ಟರಲ್ಲಿ
ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು
ಕಿಟಕಿಯ ಬೆಳಕಿಗೆ ಹಿಡಿದು
ಎರಡು ಬೆರಳ ನಡುವೆ ಉರುಳಿಸಿದಳು,
ಒಂದು ಸುತ್ತು, ಇನ್ನೊಂದು ಸುತ್ತು.

'ಸೊಟ್ಟ,' ಎಂದಳು.
ಬೇರೆ ಇಟ್ಟಳು.