ಹಿಂದಿನ ಬ್ರೇಕು

ಎರಡು ಬೇಸಗೆಯಲ್ಲಿ ಇದು ಮೂರನೇ ಸಲ, ವೋಯ್ಕೋ.
ಹಿಂದಿನ ಪ್ಯಾಡು ಮತ್ತೆ ಸವೆದು
ಬರೀ ತಗಡು ಡಿಸ್ಕನ್ನು ಕೊರೆಯುತ್ತ
ಕಿರುಗುಟ್ಟಿಕೊಂಡು ತ್ರೆಂತಾ ಕಣಿವೆ ಇಳಿದು ಬಂದೆ.
ನೀನು ಕಾಣುವ ಮೊದಲೇ
ನನ್ನ ಶೆಡ್ಡಿಗೆ ಕೇಳಿಸಿತ್ತು.

ತೊಂಬತ್ತನಾಲ್ಕರ ಗಾಡಿ. ಟ್ಯಾಂಕಿನ ಎರಡೂ ಪಕ್ಕ
ಮೊಣಕಾಲು ಉಜ್ಜಿ ಬೋಳಾದ ಜಾಗ.
ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ
ಕುರಿಹಾಲಿನ ಚೀಸು, ಗಾಲಿ ಗಾಲಿ.
"ಹಿಂದಿನದು ಮಾತ್ರ ಹಾಕು, ಆಲೆಂಕಾ.
ಮುಂದಿನದಕ್ಕೇನೂ ಆಗಿಲ್ಲ."

ಪಿನ್ನು ಹಟ ಹಿಡಿದಿತ್ತು.
ಎಣ್ಣೆ ಬಿಟ್ಟು, ಒಂದು ಸಿಗರೇಟು ಕಾದು, ಮೆಲ್ಲಗೆ ತಟ್ಟಿದೆ.
ಪ್ಯಾಡು ಎರಡೂ ಅಂಗೈಗೆ ಬಿದ್ದವು,
ಬಚ್ಚಲಲ್ಲಿ ಉಳಿದ ಸೋಪಿನ ಚೂರಿಗಿಂತ ತೆಳು.
ಬಟ್ಟಲ ಮುಚ್ಚಳ ತೆಗೆದರೆ
ಡಿಕಾಕ್ಷನ್ನಿನಷ್ಟು ಕಪ್ಪು ಎಣ್ಣೆ.
ಪಿಸ್ಟನ್ನನ್ನು ಹೆಬ್ಬೆರಳಿಂದ ಒತ್ತಿದೆ,
ಒಲ್ಲದ ಮನಸ್ಸಿನಿಂದ ಒಳಗೆ ಹೋಯಿತು.

ಆಮೇಲೆ, ಸುಮ್ಮನೆ, ಕೈಯಲ್ಲಿ ಟಾರ್ಚಿತ್ತಲ್ಲ,
ಮುಂದಿನ ಚಕ್ರಕ್ಕೂ ಬೆಳಕು ಬಿಟ್ಟೆ.
ಅವತ್ತು ನಾನೇ ಹಾಕಿದ ಪ್ಯಾಡು
ಹಾಕಿದ ಹಾಗೇ ಇತ್ತು.

ಮುಂದಿನ ಬ್ರೇಕು ಬಲಗೈಯದು.
ಹಿಂದಿನದು ಬಲಗಾಲಿನದು.

ಕಾಫಿ ಲೋಟ ನೀನು ಎಡಗೈಲಿ ಹಿಡಿದಿದ್ದೆ.
ಬಂದಾಗ ಕುಲುಕಲು ಕೊಟ್ಟದ್ದೂ ಎಡಗೈ.
ಬಲಗೈ ಜೇಬಿನಲ್ಲಿ,
ಮನೆಯಲ್ಲಿಲ್ಲ ಎಂದು ಹೇಳಿಸುವವರ ಹಾಗೆ.
ಅಂಗೈ ಊರಿ ಆಕ್ಸಲರೇಟರು ತಿರುವಬಹುದು, ಸರಿ.
ಬೆರಳು ಮಡಚಿ ಎಳೆಯುವುದು ಬೇರೆ ಮಾತು.
ಆ ಘಟ್ಟದಲ್ಲಿ ತಿರುವಿಗೊಂದು ನಂಬರಿನ ಹಲಗೆ.
ಒಂದೊಂದನ್ನೂ ಒಂದೇ ಪಾದದಿಂದ!

ಕೇಳಬಹುದಿತ್ತು,
ಈಗ ಕುರಿಗಳ ಹಾಲು ಕರೆಯುವವರು ಯಾರು ಅಂತ.
ಲಿವರಿನ ಬುಡದ ಬಿರಡೆ ತಿರುಗಿಸಿ
ಎರಡು ಹಲ್ಲು ಹತ್ತಿರ ತಂದೆ.
ಕೀಲಿಗೆ ಒಂದು ಬಟಾಣಿಯಷ್ಟು ಗ್ರೀಸು.
ಬಿಲ್ಲಿನಲ್ಲಿ ಬರೆಯಲಿಲ್ಲ.

"ಮೊದಲ ಸಲ ಪೆಡಲು ಖಾಲಿ ಹೋಗುತ್ತದೆ, ಹೆದರಬೇಡ.
ಇಲ್ಲೇ ನಿಂತು ಒತ್ತು. ಮತ್ತೆ ಒತ್ತು.
ಒಳಗಿಂದ ಏನೋ ಎದುರು ಒತ್ತುವ ತನಕ."
ಏಳನೆಯದಕ್ಕೆ ಗಟ್ಟಿಯಾಯಿತು.

ಆಗ ನಿನ್ನ ಬಲಗೈ ಜೇಬಿನಿಂದ ಹೊರಬಂತು.
ಎರಡು ಬೆರಳು ಲಿವರಿನ ಮೇಲೆ ಕೂತವು,
ಒಮ್ಮೆ ಎಳೆದವು. ತಡೆದವು.
ಇನ್ನೊಮ್ಮೆ.
ನೀನು ನನ್ನ ಕಡೆ ನೋಡಲಿಲ್ಲ.
ನಾನು, ಒರೆಸಿದ ಸ್ಪ್ಯಾನರನ್ನೇ ಒರೆಸುತ್ತಿದ್ದೆ.

ಬೆಂಚಿನ ಮೇಲೆ ಕಾಗದದ ಪೊಟ್ಟಣ ಬಿಟ್ಟು ಹೋಗಿದ್ದೀ.
ಬಿಚ್ಚಿದರೆ ಚೀಸು, ಓರೆಕೋರೆ ತುಂಡು,
ಎಡಗೈಯ ಚಾಕು.
ರಾತ್ರಿ ಬ್ರೆಡ್ಡಿಗೆ ಹಚ್ಚಿ ತಿಂದೆ.
ಉಪ್ಪು ಒಂದು ಚೂರು ಜಾಸ್ತಿ.