ಅವನ ಮಾರು

ಹಗ್ಗಕ್ಕೆ ಗಂಟು ಹಾಕಿದ್ದು ಅವನೇ.
ಎರಡೂ ಕೈ ಚಾಚಿ, ಎದೆಗೆ ಅಡ್ಡ ಹಿಡಿದು,
ಮಾರಿಗೊಂದು ಗಂಟು.
ಅದನ್ನು ಇಳಿಬಿಟ್ಟೇ ನಾವು ಈ ಕೊಲ್ಲಿಯನ್ನು ಅರಿತದ್ದು:
ಮುದುಕಿ ಬಂಡೆಯ ಬೆನ್ನ ಮೇಲೆ ನಾಲ್ಕು ಮಾರು,
ಅವಳ ಮಡಿಲಲ್ಲಿ ಏಳು,
ಆಚೆಗೆ ಹನ್ನೊಂದು. ಅಲ್ಲಿ ಕಪ್ಪು ಚಿಪ್ಪು ದಪ್ಪ.

ಫೌಸ್ತೀನೋ ಚುಂಬಿಯಾವ್ಕಾ ಮುಳುಗುತ್ತಿದ್ದ.
ನಾನು, ಅವನ ಹೆಂಡತಿಯ ತಮ್ಮ,
ದೋಣಿಯಲ್ಲಿ ಕೂತು ಉಸಿರಿನ ಕೊಳವೆ ಹಿಡಿದಿರುತ್ತಿದ್ದೆ.
ಒಂದು ಜಗ್ಗು: ಇದ್ದೇನೆ.
ಎರಡು: ಸಡಿಲ ಬಿಡು.
ಮೂರು: ಎಳಿ.
ಇಪ್ಪತ್ತೆರಡು ವರ್ಷ ನಮ್ಮಿಬ್ಬರ ಮಾತು ಇಷ್ಟೇ.
ಮನೆಯಲ್ಲೂ ಹೆಚ್ಚೇನಿರಲಿಲ್ಲ.

ಬಂದರು ಕಟ್ಟುವವರು ಬಂದರು.
ಮೊದಲು ಅಳೆಯುವ ದೋಣಿ. ಅದರೊಳಗೆ ಯೆಸೆನಿಯಾ,
ಲೀಮಾದಲ್ಲಿ ಓದಿದ ಹುಡುಗಿ, ಕಿವಿಗೆ ಮುತ್ತಿನ ಓಲೆ.
ನೀರಿಗೆ ಸದ್ದೊಂದನ್ನು ಎಸೆದಳು,
ಅದು ತಳ ಮುಟ್ಟಿ ಬರುವ ಹೊತ್ತನ್ನು ಎಣಿಸಿ ನಕ್ಕಳು:
ನಿಮ್ಮ ಹಗ್ಗ ಸುಳ್ಳು ಹೇಳ್ತದೆ,
ಹನ್ನೊಂದು ಅಂದಲ್ಲಿ ಹತ್ತೇ.

ಅವನು ಏನೂ ಅನ್ನಲಿಲ್ಲ. ನಾನೂ.
ಆ ಬೆಚ್ಚನೆ ನೀರಿನ ವರ್ಷ
ಕಂಪ್ರೆಸರ್ ಕೆಮ್ಮಿ ಕೆಮ್ಮಿ ನಿಂತಿತ್ತು,
ಮೂರು ಜಗ್ಗು ಬಂತು, ಎಳೆದೆ,
ನಡುನಡುವೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.
ಅಂದಿನಿಂದ ಅವನ ಬಲಭುಜ ಪೂರ್ತಿ ತೆರೆಯದು.
ಗಂಟು ಹಾಕಿದ್ದು ಆಮೇಲೆ.

ಮುದುಕಿಯನ್ನು ಮೂರೇ ದಿನದಲ್ಲಿ ಸಿಡಿಸಿದರು.
ತಲೆಕೆಳಗಾಗಿ ತೇಲಿದ ಮೀನಿಗೆ
ಪೆಲಿಕನ್ನುಗಳು ಮದುವೆಯೂಟಕ್ಕೆ ಬಂದ ಹಾಗೆ ಸಾಲುಗಟ್ಟಿದವು.
ಆಮೇಲೆ ಜಲ್ಲಿ ಸುರಿದರು, ಬೆಟ್ಟಗಟ್ಟಲೆ.
ಅದನ್ನು ಮಟ್ಟ ಮಾಡಬೇಕು, ಹದಿನೆಂಟು ಮೀಟರ್ ಕೆಳಗೆ,
ಮೂಗಿನ ಮುಂದಿನ ಬೆರಳೂ ಕಾಣದ ನೀರಿನಲ್ಲಿ.
ಯಂತ್ರ ಸವರಿ ಬಿಟ್ಟದ್ದನ್ನು ಮನುಷ್ಯ ಸವರಬೇಕು.
ಹಾಗೆ ಅವನಿಗೆ ಕೆಲಸ ಸಿಕ್ಕಿತು:
ಹಿತ್ತಾಳೆ ಕೊರಳಪಟ್ಟಿ, ತಲೆಯೊಳಗೇ ಟೆಲಿಫೋನು.
ಜಗ್ಗುವುದಕ್ಕೆ ಏನೂ ಉಳಿಯಲಿಲ್ಲ.

ನಾನು ಒಡ್ಡಿನ ಮೇಲೆ ಕೂತು ನೋಡುತ್ತಿದ್ದೆ.
ಇಲ್ಲಿ ಮಳೆ ಬೀಳುವುದಿಲ್ಲ, ಮಂಜು ಸುಮ್ಮನೆ ಮೈಗೆ ಅಂಟುತ್ತದೆ.
ಹಿಟ್ಟಿನ ಕಾರ್ಖಾನೆಯಿಂದ ಬೆಂದ ಮೀನಿನ ನಾತ.

ಒಂದು ಮುಂಜಾವ ಕಲ್ಲು ತೇಲಿ ಬಂತು.
ಒಂಬತ್ತು ಸಾವಿರ ಟನ್ನಿನ ಕಾಂಕ್ರೀಟು ಪೆಟ್ಟಿಗೆ,
ಕಿಟಕಿಯಿಲ್ಲದ ಏಳು ಮಹಡಿ,
ನಾಲ್ಕು ಟಗ್ಗುಗಳು ಮದಿಸಿದ ಎತ್ತನ್ನು ತರುವ ಹಾಗೆ
ಎದುರು ಬದಿರು ಹಗ್ಗ ಬಿಗಿದು ತಂದವು.
ಉಬ್ಬರ ಇಳಿತದ ನಡುವೆ ನೀರು ಉಸಿರು ಹಿಡಿಯುವ ಒಂದು ಗಂಟೆ.
ಕವಾಟ ತೆರೆದರು. ಸಮುದ್ರ ಒಂದೊಂದೇ ಕೋಣೆಗೆ
ಬಾಡಿಗೆದಾರನ ಹಾಗೆ ಹೊಕ್ಕಿತು.
ಅರ್ಧ ಮೀಟರ್ ಉಳಿದಾಗ ನಿಲ್ಲಿಸಿ ಅಳೆದರು,
ಮತ್ತೆ ಬಿಟ್ಟರು.
ಕೂತಿತು.
ಸದ್ದಿಲ್ಲ. ಮೂಲೆಯಿಂದ ಮೂಲೆಗೆ ವ್ಯತ್ಯಾಸ
ಮೂರು ಸೆಂಟಿಮೀಟರ್, ಅಂದಳು ಯೆಸೆನಿಯಾ,
ಈ ಸಲ ನಗಲಿಲ್ಲ, ಅವನ ಎಡ ಅಂಗೈಯನ್ನು ತಿರುಗಿಸಿ ನೋಡಿದಳು.
ಅದರ ಗೆರೆಗಳು ಸವೆದಿದ್ದವು.
ಉಳಿದವು ಆ ಪೆಟ್ಟಿಗೆಯ ಅಡಿ ಇದ್ದಾವು.

ಮೊದಲ ಹಡಗು ನಿಂತ ದಿನ
ಮಾರುಕಟ್ಟೆಯಲ್ಲಿ ಮೀನಿನ ದೋಮಿತಿಲಾ ಕೇಳಿದಳು,
ಅಷ್ಟು ದೊಡ್ಡದರ ಅಡಿಗೆ ಎಷ್ಟು ನೀರು ಉಳಿದಿರುತ್ತದೋ?
ಒಂದು ಮಾರು, ಅಂದ ಫೌಸ್ತೀನೋ.
ಚೀಲ ನೆಲಕ್ಕಿಟ್ಟು ಎರಡೂ ಕೈ ಚಾಚಿದ.
ಜನ ಹಿಂದೆ ಸರಿದು ಜಾಗ ಕೊಟ್ಟರು.
ಎಡಗೈ ಪೂರ್ತಿ ಹೋಯಿತು,
ಬಲಗೈ ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಂತಿತು.
ಇಷ್ಟು, ಅಂದ.
ಅಬ್ಬಾ, ಇಷ್ಟೇನಾ, ಅಂದಳು ಅವಳು.

ಪಕ್ಕದಲ್ಲಿ ನಿಂತಿದ್ದ ನಾನು
ಜೇಬಿನೊಳಗೆ ಬೆರಳಗಲಿಸಿ
ಉಳಿದೊಂದು ಗೇಣನ್ನು ಹಿಡಿದುಕೊಂಡಿದ್ದೆ.